ಓದಿದ ಮಕ್ಕಳು ಎಷ್ಟು ದಿನ ಕಾಯಬೇಕು?

(ಹಾಸನದ ಕಾಲೇಜೊಂದರಲ್ಲಿ ಅಂತಿಮ ವರ್ಷದ ಪದವಿ ವಿದ್ಯಾರ್ಥಿಗಳು ಮತ್ತು ಅವರ ತಂದೆತಾಯಿಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲುಗಳಲ್ಲಿ ಅಪ್ಪ ಅಮ್ಮಂದಿರು ಕೂತಿದ್ದೀರಿ, ಹಿಂದೆ ಮಕ್ಕಳು ಕೂತಿದ್ದಾರೆ. ಅರಸೀಕೆರೆ, ಹೊಳೆನರಸೀಪುರದ ಕಡೆಯವರಿದ್ದೀರಿ. ಸಕಲೇಶಪುರದ ಆಚೆಯಿಂದ ಬೆಳಗಿನ ಬಸ್ಸು ಹಿಡಿದು ಬಂದವರೂ ಇದ್ದೀರಿ. ‘ಪದವಿ ಆದ ಮೇಲೆ ಮುಂದೇನು’ ಅಂತ ಮಾತಾಡಲು ನನ್ನನ್ನು ಕರೆದಿದ್ದಾರೆ. ಇಂಥ ಸಭೆಗಳಲ್ಲಿ ಸಾಮಾನ್ಯವಾಗಿ ಆತ್ಮವಿಶ್ವಾಸ, ಛಲ, ಗುರಿ ಇವುಗಳ ಬಗ್ಗೆ ಮಾತಾಡುತ್ತಾರೆ. ನಾನು ಕಾಯುವುದರ ಬಗ್ಗೆ ಮಾತಾಡುತ್ತೇನೆ. ಡಿಗ್ರಿ ಮುಗಿದ ಮೇಲೆ ಒಂದು ಗಟ್ಟಿ ಕೆಲಸ ಸಿಗುವ ತನಕ ಹೋಗುವ ವರ್ಷಗಳಿವೆಯಲ್ಲ, ಅವುಗಳ ಬಗ್ಗೆ. ಅವು ಯಾಕೆ ಇಷ್ಟು ಉದ್ದ ಆಗುತ್ತಿವೆ, ಅವನ್ನು ಕಡಿಮೆ ಮಾಡುವುದು ಯಾರ ಕೈಲಿದೆ ಎಂಬುದೇ ಇವತ್ತಿನ ಮಾತು. ಭರವಸೆಯನ್ನು ಮಕ್ಕಳೇ ಎದೆಯೊಳಗಿಂದ ಹುಟ್ಟಿಸಿಕೊಳ್ಳಬೇಕು ಎಂದು ನಾವು ಹೇಳುತ್ತಾ ಬಂದಿದ್ದೇವೆ. ನನ್ನ ಪ್ರಕಾರ ಅದರ ಬಹುಪಾಲು ಹೊಣೆ ದೊಡ್ಡವರದ್ದು. ಯಾವ ದಿನ ಏನಾಗುತ್ತದೆ ಎಂದು ತಿಳಿದರೆ ಮನುಷ್ಯ ಎಂಥ ಕಷ್ಟವನ್ನಾದರೂ ತಡೆದುಕೊಳ್ಳುತ್ತಾನೆ. ಆ ದಿನವೇ ಗೊತ್ತಿಲ್ಲದಿದ್ದರೆ ಗಟ್ಟಿ ಮನಸ್ಸಿನವರೂ ಕುಸಿಯುತ್ತಾರೆ.

ಮೊದಲು ಒಂದೆರಡು ಅಂಕಿಗಳು. ನಾನು ಅರ್ಥಶಾಸ್ತ್ರ ಪಾಠ ಮಾಡುವವನು, ಅಂಕಿ ಹೇಳದೆ ಇರಲಾಗುವುದಿಲ್ಲ.

ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆ ಸೇರಿ 2024ರಲ್ಲಿ ಭಾರತದ ಉದ್ಯೋಗದ ಬಗ್ಗೆ ಒಂದು ವರದಿ ಹೊರತಂದವು. ಅದರಂತೆ 2022ರಲ್ಲಿ, 15ರಿಂದ 29 ವರ್ಷದೊಳಗಿನ ಓದು ಬರಹ ಬಾರದವರಲ್ಲಿ ನಿರುದ್ಯೋಗ ಶೇ 3.4. ಅದೇ ವಯಸ್ಸಿನ ಪದವೀಧರರಲ್ಲಿ ಶೇ 29.1. ಸುಮಾರು ಒಂಬತ್ತು ಪಟ್ಟು ಹೆಚ್ಚು.

ಇದನ್ನು ಕೇಳಿದ ಕೂಡಲೇ ‘ಹಾಗಾದ್ರೆ ಓದಿಸಿದ್ದೇ ತಪ್ಪಾಯ್ತು’ ಅಂತ ಕೆಲವರು ಅನ್ನುತ್ತಾರೆ. ದಯವಿಟ್ಟು ಹಾಗೆ ಅನ್ನಬೇಡಿ. ಕಾಫಿ ಕುಯ್ಲಿನ ಕಾಲಕ್ಕೆ ಅಸ್ಸಾಮಿನಿಂದ, ಜಾರ್ಖಂಡಿನಿಂದ ಸಕಲೇಶಪುರ, ಬೇಲೂರಿನ ತೋಟಗಳಿಗೆ ಹುಡುಗರು ಬರುತ್ತಾರೆ. ಅವರಲ್ಲಿ ನಿರುದ್ಯೋಗಿಗಳು ಸಿಗುವುದಿಲ್ಲ. ಯಾಕೆಂದರೆ ಒಂದು ವಾರ ಸುಮ್ನೆ ಕೂತರೆ ಅವರಿಗೆ ಊಟಕ್ಕಿಲ್ಲ, ಊರಲ್ಲಿರುವ ಮನೆಯವರಿಗೂ ಇಲ್ಲ. ಸಿಕ್ಕ ಕೂಲಿಗೆ ಸಿಕ್ಕ ಕೆಲಸ ಮಾಡುತ್ತಾರೆ. ಬಡವರಲ್ಲಿ ಬಡವರಿಗೆ ಕಾಯುವ ಅನುಕೂಲವೂ ಇಲ್ಲ. ಅಪ್ಪ ಎರಡೆಕರೆ ಜೋಳ ಬೆಳೆದು, ಅಮ್ಮ ಡೇರಿಗೆ ಹಾಲು ಹಾಕಿ ಮಗನನ್ನು ಮೂರು ವರ್ಷ ಓದಿಸಿದ ಮನೆಗೆ, ಇನ್ನೂ ಎರಡು ವರ್ಷ ಕಾಯುವ ಶಕ್ತಿ ಹೇಗೋ ಇರುತ್ತದೆ. ಆ ಶಕ್ತಿ ಎಲ್ಲಿಂದ ಬರುತ್ತದೆ ಎಂದು ಇಲ್ಲಿ ಕೂತಿರುವ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ.

ಇನ್ನೊಂದು ಅಂಕಿ ನೋಡಿ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2023ರಲ್ಲಿ ಪ್ರಕಟಿಸಿದ ವರದಿಯಂತೆ, 25 ವರ್ಷದೊಳಗಿನ ಪದವೀಧರರಲ್ಲಿ ನಿರುದ್ಯೋಗ ಶೇ 40ಕ್ಕೂ ಜಾಸ್ತಿ. 35 ದಾಟಿದ ಪದವೀಧರರಲ್ಲಿ ಶೇ 5ಕ್ಕಿಂತ ಕಡಿಮೆ. ಅಂದರೆ ಕೊನೆಗೆ ಹೆಚ್ಚಿನವರು ಯಾವುದಾದರೊಂದು ಕೆಲಸಕ್ಕೆ ಸೇರುತ್ತಾರೆ. ಆದರೆ ಯಾವ ಕೆಲಸ? ಎಂ.ಕಾಂ. ಮಾಡಿ ಬೆಂಗಳೂರಿನಲ್ಲಿ ಮನೆ ಮನೆಗೆ ಊಟ ತಲುಪಿಸುವವರು, ಬಿ.ಇ. ಮುಗಿಸಿ ಫೈನಾನ್ಸ್ ಕಂಪನಿಯ ಕಂತು ವಸೂಲಿಗೆ ಬೈಕಿನಲ್ಲಿ ಓಡಾಡುವವರು ನಿಮಗೂ ಗೊತ್ತು, ನನಗೂ ಗೊತ್ತು. ಯಾವ ಕೆಲಸವೂ ಕೀಳಲ್ಲ. ಆದರೆ ಅವರು ಆ ಕೆಲಸಕ್ಕೆ ಬಂದದ್ದು ಇಷ್ಟಪಟ್ಟು ಅಲ್ಲ, ಕಾದು ಕಾದು ಮನೆಯ ದುಡ್ಡು ಮುಗಿದ ಮೇಲೆ. ಇಪ್ಪತ್ತೆರಡರಿಂದ ಮೂವತ್ತೆರಡರ ತನಕ, ಕೈಕಾಲು ಗಟ್ಟಿಯಿದ್ದು ತಲೆ ಚುರುಕಾಗಿರುವ ಹತ್ತು ವರ್ಷ. ಈ ದೇಶ ಅದನ್ನು ಕಾಯಿಸುವುದರಲ್ಲೇ ಕಳೆಯುತ್ತಿದೆ.

ಸರ್ಕಾರದ ಲೆಕ್ಕದಲ್ಲಿ ಇದೆಲ್ಲ ಪೂರ್ತಿ ಕಾಣುವುದೂ ಇಲ್ಲ. ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆಯಲ್ಲಿ ದೇಶದ ಒಟ್ಟು ನಿರುದ್ಯೋಗ 2017-18ರಲ್ಲಿ ಶೇ 6.1 ಇತ್ತು, 2023-24ರಲ್ಲಿ ಶೇ 3.2ಕ್ಕೆ ಇಳಿಯಿತು. ಓದಿದವರಿಗೆ ಸಮಾಧಾನ ಆಗಬೇಕು, ಅಲ್ವಾ? ಆದರೆ ಎಣಿಸುವ ರೀತಿ ಹೀಗಿದೆ: ನೀವು ಮನೆಯ ತೋಟದಲ್ಲೋ ಅಪ್ಪನ ಅಂಗಡಿಯಲ್ಲೋ ಸಂಬಳವಿಲ್ಲದೆ ಕೈಜೋಡಿಸಿದರೂ ಉದ್ಯೋಗಸ್ಥರ ಪಟ್ಟಿಗೆ ಸೇರುತ್ತೀರಿ. ಕೆಲಸ ಸದ್ಯಕ್ಕೆ ಬೇಡ, ಪರೀಕ್ಷೆಗೆ ಓದುತ್ತಿದ್ದೇನೆ ಎಂದರೆ ಕಾರ್ಮಿಕ ಬಲದಿಂದಲೇ, ಅಂದರೆ ದುಡಿಯುವವರ ಮತ್ತು ಕೆಲಸ ಹುಡುಕುವವರ ಲೆಕ್ಕದಿಂದಲೇ ಆಚೆ. ಎರಡೂ ಕಡೆ ನೀವು ನಿರುದ್ಯೋಗಿಗಳಲ್ಲ. ಅಪ್ಪನ ಜೊತೆ ಶುಂಠಿ ಹೊಲಕ್ಕೆ ಹೋಗಿ, ಬಂದು ರಾತ್ರಿ ಹನ್ನೆರಡರವರೆಗೆ ಸಾಮಾನ್ಯ ಜ್ಞಾನ ಓದುವ ಹುಡುಗ ದೇಶದ ಲೆಕ್ಕದಲ್ಲಿ ಕೆಲಸದಲ್ಲಿದ್ದಾನೆ.

ನಮ್ಮ ಊರಿನ ಗ್ರಂಥಾಲಯದ ಓದುವ ಕೊಠಡಿಗೆ ಒಂದು ಬೆಳಿಗ್ಗೆ ಹೋಗಿ ನೋಡಿ. ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಬ್ಯಾಗುಗಳ ಸಾಲು ಇರುತ್ತದೆ. ನೀರಿನ ಬಾಟಲಿ, ಬುತ್ತಿ ಡಬ್ಬಿ, ಅಂಚು ಹರಿದ ಜೆರಾಕ್ಸ್ ನೋಟ್ಸು. ಫ್ಯಾನ್ ಕೆಳಗಿನ ಜಾಗಕ್ಕೆ ಪೈಪೋಟಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಸಿಕ್ಕ. ಅವನ ನೋಟ್‌ಬುಕ್ಕಿನ ಹಿಂಬದಿ ರಟ್ಟಿನ ಮೇಲೆ ಸ್ಕೇಲಿನಲ್ಲಿ ಗೆರೆ ಎಳೆದು ಒಂದು ಕೋಷ್ಟಕ ಮಾಡಿಕೊಂಡಿದ್ದ. ಎಡಗಡೆ ಹುದ್ದೆಗಳು: ವಿಎ (ಗ್ರಾಮ ಲೆಕ್ಕಿಗ), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಎಫ್‌ಡಿಎ, ಎಸ್‌ಡಿಎ (ಪ್ರಥಮ, ದ್ವಿತೀಯ ದರ್ಜೆ ಸಹಾಯಕರು), ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್), ಗ್ರೂಪ್ ಸಿ. ಮೇಲುಗಡೆ ಅಡ್ಡ ಸಾಲಿನಲ್ಲಿ: ಅರ್ಜಿ, ಪರೀಕ್ಷೆ, ಕೀ ಉತ್ತರ, ಫಲಿತಾಂಶ, ಫೈನಲ್ ಲಿಸ್ಟ್. ‘ಅರ್ಜಿ’ ಕಾಲಂ ಪೂರ್ತಿ ತುಂಬಿತ್ತು. ‘ಪರೀಕ್ಷೆ’ ಕಾಲಂನಲ್ಲಿ ತಾರೀಖು ಬರೆದು ಹೊಡೆದು, ಮತ್ತೆ ಬರೆದು ಮತ್ತೆ ಹೊಡೆದಿದ್ದ. ಬಲಗಡೆಯ ಮೂರು ಕಾಲಂಗಳು ಬಹುತೇಕ ಖಾಲಿ. ಅವನು ನನ್ನ ಹತ್ತಿರ ಕೆಲಸ ಕೇಳಲಿಲ್ಲ. ‘ಸರ್, ಇದು ಯಾವಾಗ ಅಂತ ನಿಮಗೇನಾದ್ರೂ ಗೊತ್ತಾ?’ ಅಂತ ಮಾತ್ರ ಕೇಳಿದ. ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದವರು ಎಲ್ಲೂ ಹೇಳಿರಲಿಲ್ಲ.

‘ಎಲ್ಲರೂ ಸರ್ಕಾರಿ ಕೆಲಸದ ಹಿಂದೆ ಯಾಕೆ ಬೀಳಬೇಕು?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸುಲಭ. ಉತ್ತರಕ್ಕೆ ಎರಡು ಸಂಬಳಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಿಂದ ಜಾರಿಯಾದ ಮೇಲೆ, ಸರ್ಕಾರಿ ನೌಕರನ ಕನಿಷ್ಠ ಮೂಲ ವೇತನವೇ 27,000 ರೂಪಾಯಿ. ಅತಿ ಕೆಳಗಿನ ಹುದ್ದೆಗೆ ಇದು. ಅದರ ಮೇಲೆ ಭತ್ಯೆ, ರಜೆ, ಒಂದು ಮರ್ಯಾದೆ. ಇದೇ ಹಾಸನದಲ್ಲಿ ಬಿ.ಕಾಂ. ಮಾಡಿದ ಹುಡುಗ ಲೆಕ್ಕ ಬರೆಯಲು ಹೋದರೆ ಹತ್ತು ಹನ್ನೆರಡು ಸಾವಿರ ಎನ್ನುತ್ತಾರೆ. ಪಿಎಫ್ ಕೇಳಿದರೆ ನಾಳೆಯಿಂದ ಬರಬೇಡ ಎನ್ನುವವರೂ ಇದ್ದಾರೆ. ಇಂಥ ಕಡೆ ಸರ್ಕಾರಿ ಕೆಲಸಕ್ಕೆ ಐದು ವರ್ಷ ಕಾಯುವವನು ಸೋಮಾರಿಯಲ್ಲ. ಲೆಕ್ಕ ಬಲ್ಲವನು.

1971ರ ಏಪ್ರಿಲ್‌ನಲ್ಲಿ ಶ್ರೀಲಂಕಾದಲ್ಲಿ, ಆಗಿನ ಸಿಲೋನಿನಲ್ಲಿ, ಯುವಕರು ದಂಗೆ ಎದ್ದರು. ಅವರಲ್ಲಿ ಬಹಳಷ್ಟು ಜನ ಶಾಲೆ ಕಾಲೇಜು ಓದಿ ಕೆಲಸವಿಲ್ಲದ ಹಳ್ಳಿಯ ಮಕ್ಕಳು. ಅದೇ ವರ್ಷ ಡಡ್ಲಿ ಸೀರ್ಸ್ ಎಂಬ ಅರ್ಥಶಾಸ್ತ್ರಜ್ಞರ ನೇತೃತ್ವದಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ತಂಡ ಅಲ್ಲಿನ ನಿರುದ್ಯೋಗವನ್ನು ಅಧ್ಯಯನ ಮಾಡಿತು. ಕೆಲಸಗಳ ಕೊರತೆಯ ಜೊತೆಗೆ, ಓದಿದವರು ನಿರೀಕ್ಷಿಸುವ ಕೆಲಸಕ್ಕೂ ಸಿಗುವ ಕೆಲಸಕ್ಕೂ ಇರುವ ದೂರವನ್ನು ಆ ತಂಡ ಎತ್ತಿ ತೋರಿಸಿತು. ಅರ್ಧ ಶತಮಾನ ಕಳೆಯಿತು, ಬಡ ದೇಶಗಳಲ್ಲಿ ಆ ದೂರ ಹಾಗೇ ಇದೆ. 2024ರ ಜುಲೈನಲ್ಲಿ ಬಾಂಗ್ಲಾದೇಶದ ವಿದ್ಯಾರ್ಥಿಗಳು ಬೀದಿಗಿಳಿದದ್ದೂ ಸರ್ಕಾರಿ ಹುದ್ದೆಗಳ ಹಂಚಿಕೆಯ ವಿಷಯಕ್ಕೇ. ಆಗಸ್ಟ್ 5ಕ್ಕೆ ಅಲ್ಲಿನ ಸರ್ಕಾರವೇ ಬಿತ್ತು.

ಈ ದೂರವನ್ನು ಮುಚ್ಚಲು ಮಕ್ಕಳು ನಿರೀಕ್ಷೆ ಕಡಿಮೆ ಮಾಡಿಕೊಳ್ಳಲಿ ಎಂಬ ಉಪದೇಶ ನನಗೆ ಒಪ್ಪಿಗೆಯಿಲ್ಲ. ನಿಮ್ಮ ನಿರೀಕ್ಷೆಯಲ್ಲಿ ಅತಿ ಎನ್ನುವಂಥದ್ದು ಏನಿದೆ? ತಿಂಗಳ ಕೊನೆಗೆ ಸರಿಯಾಗಿ ಬರುವ ಸಂಬಳ, ಹುಷಾರಿಲ್ಲದಾಗ ಒಂದು ರಜೆ, ಮಾಲೀಕ ಏಕವಚನದಲ್ಲಿ ಕೂಗಾಡದ ಒಂದು ಜಾಗ. ಖಾಸಗಿ ಕೆಲಸ ಇಷ್ಟನ್ನು ಕೊಟ್ಟರೆ ಗ್ರಂಥಾಲಯದ ಮೆಟ್ಟಿಲ ಮೇಲಿನ ಬ್ಯಾಗುಗಳು ಅರ್ಧಕ್ಕರ್ಧ ಕಡಿಮೆಯಾಗುತ್ತವೆ.

ಇನ್ನು ಪರೀಕ್ಷೆಗಳ ವಿಷಯ. ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಹೊರಬಿದ್ದು 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದು ಪಾಸಾದವರೂ ಅದರಲ್ಲಿದ್ದರು. ಕತ್ತಲಲ್ಲಿ ಎದ್ದು ಮೈದಾನದಲ್ಲಿ ಓಡಿ, ದೈಹಿಕ ಪರೀಕ್ಷೆ ಮುಗಿಸಿ, ಊರವರ ಕೈಲಿ ಹಾರ ಹಾಕಿಸಿಕೊಂಡವರು ಅವರು. ಯಾರೋ ಮಾಡಿದ ಕಳ್ಳತನಕ್ಕೆ ಇವರ ಎರಡು ವರ್ಷ ಹೋಯಿತು. ಆಮೇಲೆ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳು, ಅಂದರೆ ರಾಜ್ಯದ ಹಿರಿಯ ಅಧಿಕಾರಿ ಹುದ್ದೆಗಳು. 2024ರ ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ ಆಯಿತು. ಪ್ರಶ್ನೆಪತ್ರಿಕೆಯ ಕನ್ನಡ ಪಾಠದಲ್ಲಿ ತಪ್ಪೋ ತಪ್ಪು. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು, ಕನ್ನಡ ನಾಡಿನ ಪರೀಕ್ಷೆಯಲ್ಲಿ, ಕನ್ನಡದ ಪ್ರಶ್ನೆಯನ್ನು ನಂಬಿ ಅಂಕ ಕಳೆದುಕೊಂಡರು. ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಮಾಡಿದರು. ಅದರಲ್ಲೂ ತಪ್ಪುಗಳಿವೆ ಎಂದು ಮತ್ತೆ ದೂರು ಬಂತು.

2024ರ ಅಕ್ಟೋಬರ್ ಕೊನೆಗೆ, ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಅವುಗಳೊಳಗೇ ಪಾಲು ಮಾಡುವ ಒಳಮೀಸಲಾತಿ ತೀರ್ಮಾನ ಆಗುವ ತನಕ ಹೊಸ ನೇಮಕಾತಿ ಅಧಿಸೂಚನೆ ಇಲ್ಲ ಎಂದು ಸರ್ಕಾರ ನಿರ್ಧರಿಸಿತು. ಒಳಮೀಸಲಾತಿ ನ್ಯಾಯವಾದ ಬೇಡಿಕೆ. ದಶಕಗಳ ಹೋರಾಟ ಅದು, 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಕೂಡ ದಾರಿ ತೆರೆಯಿತು. ಆದರೆ ನ್ಯಾಯ ಹಂಚುವ ಕೆಲಸ ಎಳೆದಾಡಿದಷ್ಟೂ, ಯಾರಿಗೆ ಆ ನ್ಯಾಯ ಸಿಗಬೇಕಿತ್ತೋ ಅವರ ಮಕ್ಕಳ ವಯಸ್ಸೂ ಜಾರಿತು, ಉಳಿದವರದ್ದೂ ಜಾರಿತು. ಇನ್ನೊಂದು ಕಡೆ ರಾಜ್ಯದ ಇಲಾಖೆಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆಗಳು ಖಾಲಿ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ವರ್ಷ ವರ್ಷವೂ ‘ಮುಂದಿನ ವರ್ಷ ಇರ್ತೀವೋ ಇಲ್ವೋ’ ಎಂದುಕೊಂಡೇ ನಿಮಗೆ ಪಾಠ ಮಾಡುತ್ತಿದ್ದಾರೆ. ಕೆಲಸ ಇದೆ, ಕೆಲಸ ಮಾಡುವವರು ಇದ್ದಾರೆ, ನಡುವೆ ಒಂದು ತಾರೀಖು ಇಲ್ಲ.

ಕೇಂದ್ರದ ಯುಪಿಎಸ್‌ಸಿ ಮುಂದಿನ ವರ್ಷದ ಪರೀಕ್ಷೆಗಳ ವೇಳಾಪಟ್ಟಿಯನ್ನು ಮುಂಚೆಯೇ ಪ್ರಕಟಿಸುತ್ತದೆ. 2024ರಲ್ಲಿ ಲೋಕಸಭಾ ಚುನಾವಣೆ ಬಂತೆಂದು ನಾಗರಿಕ ಸೇವೆಗಳ ಪೂರ್ವಭಾವಿ ಪರೀಕ್ಷೆಯನ್ನು ಮೇ 26ರಿಂದ ಜೂನ್ 16ಕ್ಕೆ ಹಾಕಿದರು. ಇಷ್ಟು ದೊಡ್ಡ ದೇಶದ ಚುನಾವಣೆಗೆ ಮೂರು ವಾರ ಮುಂದಕ್ಕೆ ಹೋಯಿತು, ಅಷ್ಟೆ. ಆ ಪರೀಕ್ಷೆ ಬಹಳ ಕಷ್ಟ. ಲಕ್ಷಾಂತರ ಜನ ಬರೆಯುತ್ತಾರೆ, ಸಾವಿರ ಚಿಲ್ಲರೆ ಜನ ಆಯ್ಕೆಯಾಗುತ್ತಾರೆ. ಆದರೂ ಸೋತವನಿಗೆ ‘ನಾನು ಸೋತೆ’ ಎಂದು ಒಂದು ದಿನ ಖಚಿತವಾಗಿ ತಿಳಿಯುತ್ತದೆ. ಅವನು ಬೇರೆ ದಾರಿ ನೋಡಿಕೊಳ್ಳಬಹುದು. ನಮ್ಮ ಮಕ್ಕಳಿಗೆ ಸೋಲುವುದಕ್ಕೂ ವರ್ಷಗಟ್ಟಲೆ ಬೇಕು.

ಹಾಗಾಗಿ ನಿಮ್ಮ ಶಾಸಕರು, ಮಂತ್ರಿಗಳು ಊರಿಗೆ ಬಂದಾಗ ಕೆಲಸ ಕೊಡಿಸಿ ಎಂದು ಒಬ್ಬೊಬ್ಬರೇ ಅರ್ಜಿ ಹಿಡಿದು ನಿಲ್ಲಬೇಡಿ. ಎಲ್ಲರೂ ಸೇರಿ ಒಂದೇ ಮಾತು ಕೇಳಿ: ಪ್ರತಿ ವರ್ಷ ನೇಮಕಾತಿ ಕ್ಯಾಲೆಂಡರ್ ಪ್ರಕಟಿಸಿ, ಅದರಂತೆ ನಡೆಯಿರಿ, ತಪ್ಪಿದರೆ ಯಾರು ಕಾರಣ ಎಂದು ಸದನದಲ್ಲಿ ಹೇಳಿ. ಅಕ್ರಮ ತಡೆಯಲು ರಾಜ್ಯದಲ್ಲಿ 2023ರಲ್ಲಿ, ಕೇಂದ್ರದಲ್ಲಿ 2024ರಲ್ಲಿ ಕಾನೂನು ಬಂದಿದೆ. ವಿಳಂಬಕ್ಕೆ ಇನ್ನೂ ಯಾವ ಶಿಕ್ಷೆಯೂ ಇಲ್ಲ.

ಓದಿದ ಮಕ್ಕಳಿಗೆ ಸರ್ಕಾರ ಏನೂ ಮಾಡಿಲ್ಲ ಎಂದರೆ ತಪ್ಪಾಗುತ್ತದೆ. ಇಲ್ಲಿರುವ ಹಿರಿಯರಿಗೆ ನೆನಪಿರಬಹುದು, ಎಪ್ಪತ್ತರ ದಶಕದಲ್ಲಿ ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ ‘ಸ್ಟೈಪೆಂಡರಿ’ ಯೋಜನೆ ಬಂತು. ನಿರುದ್ಯೋಗಿ ಪದವೀಧರರನ್ನು ತಿಂಗಳ ಸ್ಟೈಪೆಂಡ್ ಕೊಟ್ಟು ಕಚೇರಿಗಳಿಗೆ ಹಾಕಿಕೊಂಡರು. ಮುಂದೆ ಅವರಲ್ಲಿ ಬಹಳ ಜನ ಕಾಯಂ ಆದರು. ಎಷ್ಟೋ ಮನೆಗಳ ಮೊದಲ ಸರ್ಕಾರಿ ಸಂಬಳ ಬಂದದ್ದು ಹಾಗೆ. ಈಗಿನ ಯುವನಿಧಿ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಶುರುವಾಯಿತು. ಪಾಸಾಗಿ 180 ದಿನ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಗರಿಷ್ಠ ಎರಡು ವರ್ಷ. ಮೂರು ಸಾವಿರ ಏನು ಮಹಾ ಎನ್ನುವವರು ಅಪ್ಪನ ಹತ್ತಿರ ಅರ್ಜಿ ಶುಲ್ಕ ಕೇಳಲು ಬಾಯಿ ಬಾರದೆ ನಿಂತವರಲ್ಲ. ಆ ದುಡ್ಡಿಗೆ ಬೆಲೆ ಇದೆ. ಆದರೆ ಎರಡನ್ನೂ ಹೋಲಿಸಿ ನೋಡಿದಾಗ ನನಗೆ ಹಳೆಯದೇ ಹೆಚ್ಚು ಸರಿ ಅನ್ನಿಸುತ್ತದೆ. ಅದರಲ್ಲಿ ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗವಿತ್ತು, ಕಲಿಯಲು ಒಂದು ಕೆಲಸವಿತ್ತು.

ಇವತ್ತು ಅದಕ್ಕೆ ಹತ್ತಿರವಾದದ್ದು ಅಪ್ರೆಂಟಿಸ್‌ಶಿಪ್, ಅಂದರೆ ಸ್ಟೈಪೆಂಡ್ ಪಡೆದು ಕೆಲಸದ ಜಾಗದಲ್ಲೇ ಕೆಲಸ ಕಲಿಯುವುದು. 1961ರ ಕಾಯ್ದೆ ಅದು, ಬಹಳ ಕಾಲ ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್‌ನವರಿಗೆ ಎಂದೇ ನಡೆಯಿತು. 2014ರ ತಿದ್ದುಪಡಿಯ ಮೇಲೆ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮಾಡಿದವರಿಗೂ ಬಾಗಿಲು ತೆರೆಯಿತು. 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಯಾವುದೇ ಸಂಸ್ಥೆ, ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಪದವೀಧರರಿಗೆ ಕನಿಷ್ಠ ಸ್ಟೈಪೆಂಡ್ ಎಂದು 2019ರ ನಿಯಮದಲ್ಲಿ ನಿಗದಿಯಾದದ್ದು 9,000 ರೂಪಾಯಿ. ಈಗ ನಮ್ಮ ಜಿಲ್ಲೆಯಲ್ಲೇ 30 ಜನಕ್ಕಿಂತ ಹೆಚ್ಚು ಇರುವ ಜಾಗಗಳನ್ನು ನೆನಪು ಮಾಡಿಕೊಳ್ಳಿ. ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು, ಆಸ್ಪತ್ರೆಗಳು, ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳು, ದೊಡ್ಡ ಶೋರೂಂಗಳು, ಹೋಟೆಲುಗಳು. ಇವುಗಳಲ್ಲಿ ಎಷ್ಟು ಕಡೆ ಪದವಿ ಅಪ್ರೆಂಟಿಸ್‌ಗಳನ್ನು ನೋಡಿದ್ದೀರಿ? ಜಿಲ್ಲಾಡಳಿತ ಒಂದು ದಿನ ಇವರೆಲ್ಲರನ್ನೂ ಕರೆದು ಕೂರಿಸಿ ‘ಕಾನೂನು ಹೀಗಿದೆ, ನಿಮ್ಮಲ್ಲಿ ಎಷ್ಟು ಜಾಗ?’ ಎಂದು ಕೇಳಿದರೆ ಸಾಕು. ಹೊಸ ಬಜೆಟ್ ಬೇಡ, ಹೊಸ ಯೋಜನೆ ಬೇಡ.

‘ಈಗಿನ ಮಕ್ಕಳಿಗೆ ಸ್ಕಿಲ್ ಇಲ್ಲ’ ಎಂಬ ಮಾತನ್ನು ನೀವು ನೂರು ಸಲ ಕೇಳಿದ್ದೀರಿ. ಇರಬಹುದು. ಆದರೆ 2021ರಲ್ಲಿ ನಾಲ್ಕು ವರ್ಷದ ಪದವಿ ಎಂದರು, 2024ರಲ್ಲಿ ಮತ್ತೆ ಮೂರಕ್ಕೆ ತಂದರು, ಪಠ್ಯ ಬದಲಾಯಿತು, ಪುಸ್ತಕ ತಡವಾಗಿ ಬಂತು. ಇದಕ್ಕೆಲ್ಲ ಮಕ್ಕಳು ಹೊಣೆಯಲ್ಲ. 18ರಿಂದ 23 ವಯಸ್ಸಿನ ಪ್ರತಿ ಲಕ್ಷ ಜನರಿಗೆ ಕರ್ನಾಟಕದಲ್ಲಿ 66 ಕಾಲೇಜುಗಳಿವೆ ಎಂದು 2021-22ರ ಉನ್ನತ ಶಿಕ್ಷಣ ಸಮೀಕ್ಷೆ ಹೇಳುತ್ತದೆ. ದೇಶದ ಸರಾಸರಿ 30. ಕಾಲೇಜು ಕಟ್ಟಿದ್ದೇವೆ, ಸಂತೋಷ. ಕಾಲೇಜಿನಿಂದ ಹೊರಗೆ ಹೋದವರು ಎಲ್ಲಿ ಹೋದರು ಎಂದು ಬರೆದಿಡುವ ಒಂದು ರಿಜಿಸ್ಟರ್ ಎಷ್ಟು ಕಾಲೇಜಿನಲ್ಲಿದೆ? ಐದು ವರ್ಷದ ಹಿಂದೆ ಇದೇ ಬೆಂಚಿನಲ್ಲಿ ಕೂತಿದ್ದವರು ಈಗ ಏನು ಮಾಡುತ್ತಿದ್ದಾರೆ ಎಂದು ಗೊತ್ತಾದರೆ, ಯಾವ ಕೋರ್ಸಿನಿಂದ ಯಾವ ದಾರಿ ಇದೆ ಎಂದು ಹೊಸದಾಗಿ ಸೇರುವ ಮಕ್ಕಳಿಗೆ ನಿಜ ಹೇಳಬಹುದು.

‘ಸ್ವಂತ ಉದ್ಯೋಗ ಮಾಡಿ’ ಎಂಬುದು ಇನ್ನೊಂದು ಮಾತು. ಇದನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಒಂದು ಉದಾಹರಣೆ ಕೊಡುತ್ತೇನೆ, ನಮ್ಮ ಜಿಲ್ಲೆಯದ್ದೇ.

ಹಾಸನ ಎಂದರೆ ಒಂದು ಕಾಲಕ್ಕೆ ಆಲೂಗಡ್ಡೆ. ಮೇ ತಿಂಗಳು ಬಂದರೆ ಎಪಿಎಂಸಿ ಯಾರ್ಡಿನಲ್ಲಿ ಪಂಜಾಬಿನ ಜಲಂಧರ್ ಕಡೆಯಿಂದ ಬಂದ ಬಿತ್ತನೆ ಆಲೂಗಡ್ಡೆಯ ಮೂಟೆಗಳು. ಮುಂಗಾರಿಗೆ ಮುಂಚೆ ರೈತರು ಸಾಲ ಮಾಡಿ ಕೊಳ್ಳುತ್ತಿದ್ದರು. ಆಮೇಲೆ ಅಂಗಮಾರಿ ರೋಗ ಬಂತು. ಮೋಡ ಕವಿದು ನಾಲ್ಕು ದಿನ ಜಿಟಿಜಿಟಿ ಮಳೆ ಹಿಡಿದರೆ ಇಡೀ ಹೊಲ ಸುಟ್ಟ ಹಾಗೆ ಕಪ್ಪಾಗುತ್ತಿತ್ತು. ಬಿತ್ತನೆ ಗಡ್ಡೆಯೇ ಕೊಳೆತಿದೆ ಎಂದು ರೈತರು ಬೀದಿಗಿಳಿದ ವರ್ಷಗಳೂ ಇವೆ. ಒಬ್ಬೊಬ್ಬರೇ ಆಲೂಗಡ್ಡೆ ಬಿಟ್ಟು ಜೋಳಕ್ಕೆ, ಶುಂಠಿಗೆ ಹೋದರು.

ಪೆರುವಿನ ಲಿಮಾದಲ್ಲಿ ಕೇಂದ್ರ ಕಚೇರಿ ಇರುವ ಅಂತಾರಾಷ್ಟ್ರೀಯ ಆಲೂಗಡ್ಡೆ ಕೇಂದ್ರದ ಜೊತೆ ಸೇರಿ, ನಮ್ಮ ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರದವರು ಬೇರೊಂದು ದಾರಿಯ ಮೇಲೆ ಕೆಲಸ ಮಾಡಿದರು. ಗಡ್ಡೆ ನೆಡುವ ಬದಲು ಸಸಿ ನೆಡುವುದು. ಪ್ರಯೋಗಾಲಯದಲ್ಲಿ ಬೆಳೆಸಿದ, ರೋಗವಿಲ್ಲದ ಟಿಶ್ಯೂ ಕಲ್ಚರ್ ತಾಯಿ ಗಿಡ ತಂದು, ನೆರಳು ಮನೆಯಲ್ಲಿ ಬೆಳೆಸಿ, ಅದರ ಕುಡಿಯನ್ನು ಕತ್ತರಿಸಿ, ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳಲ್ಲಿ ನೆಟ್ಟು ಬೇರು ಬರಿಸುತ್ತಾರೆ. ಕತ್ತರಿಸಿದಷ್ಟೂ ತಾಯಿ ಗಿಡ ಮತ್ತೆ ಚಿಗುರುತ್ತದೆ. ಕೆಲವು ವಾರಕ್ಕೆ ಸಸಿ ರೈತನ ಹೊಲಕ್ಕೆ ಹೋಗುತ್ತದೆ. ಅದು ಬಿಟ್ಟ ಗಡ್ಡೆಯೇ ಅವನ ಮುಂದಿನ ಬಿತ್ತನೆ. ಈ ಸಸಿ ಮಾಡುವ ನರ್ಸರಿಗಳು ನಮ್ಮ ಜಿಲ್ಲೆಯಲ್ಲಿ ಎದ್ದಿವೆ.

ನರ್ಸರಿಯ ಕೆಲಸ ನೋಡಿ. ಬ್ಲೇಡು ಪ್ರತಿ ಸಲ ಶುಚಿ ಇರಬೇಕು. ತೇವ ಹೆಚ್ಚಾದರೆ ಕುಡಿ ಕೊಳೆಯುತ್ತದೆ, ಕಡಿಮೆಯಾದರೆ ಒಣಗುತ್ತದೆ. ಯಾವ ಟ್ರೇ ಯಾವತ್ತು ನೆಟ್ಟದ್ದು, ಯಾವ ತಾಯಿ ಗಿಡದ್ದು ಎಂದು ಬರೆದಿಡಬೇಕು. ಬೋಟನಿ ಲ್ಯಾಬಿನಲ್ಲಿ ಮೂರು ವರ್ಷ ರೆಕಾರ್ಡ್ ಬರೆದ ಹುಡುಗಿಗೆ ಇದು ಕೈಗೆ ಹತ್ತುವ ಕೆಲಸ. ಬಿ.ಎಸ್ಸಿ. ಪಾಠ ಅಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಆದರೆ ಇದು ‘ಸ್ವಂತ ಉದ್ಯೋಗ ಮಾಡಿ’ ಎಂಬ ಭಾಷಣದಿಂದ ಹುಟ್ಟಿದ್ದಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಊರಿಗೆ ಒಂದು ನಿಜವಾದ ತೊಂದರೆ ಇತ್ತು. ಸರ್ಕಾರದ ದುಡ್ಡಿನಿಂದ ನಡೆಯುವ ಸಂಶೋಧನಾ ಕೇಂದ್ರ ವರ್ಷಗಟ್ಟಲೆ ಅದರ ಮೇಲೆ ಕೆಲಸ ಮಾಡಿತು, ತರಬೇತಿ ಕೊಟ್ಟಿತು. ಕೊಳ್ಳಲು ರೈತರಿದ್ದರು. ಇವೆಲ್ಲ ಇದ್ದಾಗ ಕೆಲಸ ಹುಟ್ಟಿತು. ಇಷ್ಟನ್ನೂ ಬಿಟ್ಟು, ಕೈಲಿ ಕಾಸಿಲ್ಲದ ಹುಡುಗನಿಗೆ ಧೈರ್ಯ ಮಾಡು ಎನ್ನುವುದು ಅನ್ಯಾಯ. ಕಾಫಿಯಲ್ಲಿ ಇಂಥದ್ದು ಇನ್ನೂ ಎಷ್ಟಾಗಬಹುದು ಯೋಚಿಸಿ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವುದು ನಮ್ಮ ರಾಜ್ಯದಲ್ಲಿ, ಅದರಲ್ಲೂ ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ. ಆದರೂ ನಮ್ಮ ಹೆಚ್ಚಿನ ಕಾಫಿ ಹುರಿಯದ ಬೀಜವಾಗಿಯೇ ಜಿಲ್ಲೆ ಬಿಟ್ಟು ಹೋಗುತ್ತದೆ. ಹುರಿಯುವ, ರುಚಿ ನೋಡುವ, ಪ್ಯಾಕ್ ಮಾಡುವ, ಮಾರುವ ಸಂಬಳಗಳೆಲ್ಲ ಬೇರೆ ಊರಿನವು.

ಹೆಣ್ಣುಮಕ್ಕಳ ವಿಷಯ ಹೇಳದೆ ಮುಗಿಸಲಾರೆ. ಮೊದಲು ಹೇಳಿದ ಕಾರ್ಮಿಕ ಸಂಘಟನೆಯ ವರದಿಯಲ್ಲೇ ಇನ್ನೊಂದು ಮಾತಿದೆ. ಕೆಲಸವಿಲ್ಲದ ಯುವಕರಲ್ಲಿ ಓದಿದವರು ಶೇ 62.2 ಇದ್ದರೆ, ಕೆಲಸವಿಲ್ಲದ ಯುವತಿಯರಲ್ಲಿ ಓದಿದವರು ಶೇ 76.7. ಹುಡುಗನಿಗೆ ಮನೆಯಲ್ಲಿ ಐದು ವರ್ಷ ಕೊಡುತ್ತಾರೆ. ಹುಡುಗಿಗೆ ಒಂದು ವರ್ಷ, ಹೆಚ್ಚೆಂದರೆ ಎರಡು. ಅಷ್ಟರಲ್ಲಿ ಅಧಿಸೂಚನೆಯೇ ಬರದಿದ್ದರೆ ಅವಳ ಲೆಕ್ಕ ಮುಗಿಯಿತು. ಪರೀಕ್ಷೆ ಆರು ತಿಂಗಳು ಮುಂದೆ ಹೋದರೆ ಹುಡುಗನಿಗೆ ಬೇಜಾರು, ಹುಡುಗಿಗೆ ಅದು ಮದುವೆ. ಮಗಳಿಗೂ ಇನ್ನೆರಡು ವರ್ಷ ಬಿಡಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಬೆಳಿಗ್ಗೆ ಗಾರ್ಮೆಂಟ್ಸ್‌ಗೆ ಹೋಗುವ ಬಸ್ಸುಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯರಿದ್ದಾರೆ. ಒಬ್ಬಳು ಎಂ.ಎ. ಮಾಡಿದವಳು. ಕೆಲಸಕ್ಕೆ ಸೇರುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮಾತ್ರ ಕೊಟ್ಟಳಂತೆ. ಜಾಸ್ತಿ ಓದಿದ್ದೀನಿ ಅಂದ್ರೆ ಬಿಟ್ಟು ಹೋಗ್ತಾಳೆ ಅಂತ ತಗೊಳಲ್ಲ ಸರ್, ಅಂದಳು. ಅವಳ ಸಂಬಳದಲ್ಲಿ ತಮ್ಮ ಓದುತ್ತಿದ್ದಾನೆ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

ಆಲೂರು ಕಡೆಯ ಒಬ್ಬ ತಂದೆ ಎದ್ದು ನಿಂತರು. ‘ಮೇಷ್ಟ್ರೇ, ಮಗಳಿಗೆ ಇನ್ನೆರಡು ವರ್ಷ ಬಿಡಿ ಅಂತೀರಿ. ಒಳ್ಳೇ ಸಂಬಂಧ ಬಂದಿದೆ. ಕೈತಪ್ಪಿದರೆ ಯಾರು ಹೊಣೆ?’

ಅಣ್ಣಾ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಒಂದು ಕೆಲಸ ಮಾಡಿ. ಇವತ್ತು ಮನೆಗೆ ಹೋಗಿ ಮಗಳ ಜೊತೆ ಕೂತು ಕೇಳಿ: ಯಾವ ಪರೀಕ್ಷೆ, ಎಷ್ಟು ಓದಾಗಿದೆ, ಯಾವ ತಿಂಗಳ ತನಕ ನೋಡೋಣ, ಆಗದಿದ್ದರೆ ಮುಂದೆ ಯಾವ ಕೆಲಸ. ಅವಳ ಹತ್ತಿರ ಉತ್ತರ ಇರುತ್ತದೆ, ಯಾರೂ ಕೇಳಿರುವುದಿಲ್ಲ ಅಷ್ಟೆ. ಇಬ್ಬರೂ ಒಪ್ಪಿದ ಒಂದು ತಿಂಗಳು ಗೊತ್ತಾದ ಮೇಲೆ ಆ ತಿಂಗಳ ತನಕ ಮದುವೆ ಮಾತು ಎತ್ತಬೇಡಿ, ನೆಂಟರು ಎತ್ತಿದರೆ ನೀವೇ ತಡೆಯಿರಿ. ಒಳ್ಳೇ ಸಂಬಂಧವೇ ಆದರೆ ಗಂಡಿನ ಮನೆಯವರಿಗೂ ಇದನ್ನು ಹೇಳಿ. ಸೊಸೆ ದುಡಿಯುವುದು ಬೇಡ ಎನ್ನುವ ಮನೆಯಾದರೆ ನಿಮಗೆ ಈಗಲೇ ತಿಳಿಯುತ್ತದೆ.

ಹಿಂದಿನ ಸಾಲಿನ ಹುಡುಗ: ‘ಸರ್, ಬಿ.ಎ. ಮಾಡಿದವರನ್ನ ನಿಜವಾಗ್ಲೂ ಅಪ್ರೆಂಟಿಸ್ ತಗೋತಾರಾ? ಎಲ್ಲಿ ಅರ್ಜಿ ಹಾಕೋದು?’

ತಗೊಳ್ಳಬಹುದು, ಕಾನೂನು ಅಡ್ಡಿಯಿಲ್ಲ. ಕೇಂದ್ರ ಶಿಕ್ಷಣ ಇಲಾಖೆಯ ‘ನ್ಯಾಟ್ಸ್’ ಪೋರ್ಟಲ್ ಇದೆ. ಅದರಲ್ಲಿ ಹೆಸರು ನೋಂದಾಯಿಸಿದರೆ ಯಾವ ಸಂಸ್ಥೆಯಲ್ಲಿ ಜಾಗ ಇದೆ ಎಂದು ಕಾಣುತ್ತದೆ. ಕನಿಷ್ಠ ಸ್ಟೈಪೆಂಡಿನ ಅರ್ಧ ಭಾಗವನ್ನು ಕೇಂದ್ರವೇ ಭರಿಸುತ್ತದೆ, ಅದಕ್ಕೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಬಿ.ಎ.ಯವರಿಗೆ ಜಾಗ ಕಡಿಮೆ ಕಾಣಿಸಬಹುದು, ಹಾಗಾದಾಗ ನಾವೇ ಸಂಸ್ಥೆಗಳ ಬಾಗಿಲಿಗೆ ಹೋಗಿ ಕೇಳಬೇಕು. ನಾನು ಬರುತ್ತೇನೆ ನಿಮ್ಮ ಜೊತೆ. ಪ್ರಿನ್ಸಿಪಾಲರು ಶನಿವಾರ ಮಧ್ಯಾಹ್ನ ಕಂಪ್ಯೂಟರ್ ಲ್ಯಾಬ್ ತೆರೆದಿಡಲು ಒಪ್ಪಿದ್ದಾರೆ. ಆಧಾರ್, ಅಂಕಪಟ್ಟಿಗಳು, ಪಾಸ್‌ಬುಕ್, ಆಧಾರಿಗೆ ಜೋಡಿಸಿದ ನಂಬರ್ ಇರುವ ಫೋನ್ ತೆಗೆದುಕೊಂಡು ಬನ್ನಿ. ಪಾಸಾಗಿ ಮನೆಯಲ್ಲಿರುವ ಅಕ್ಕ ಅಣ್ಣಂದಿರನ್ನೂ ಕರೆದುಕೊಂಡು ಬನ್ನಿ.